ಬಿಚ್ಚಿ ಜೋಡಿಸಬಲ್ಲ ಮಿಕ್ಸಿ

ಮಲೆನಾಡಿನ ಕೊಪ್ಪ, ಬಾಳಗಡಿ ಕಡೆಯ ಮಳೆಗಾಲವೆಂದರೆ ವಿದ್ಯುತ್ ಉಪಕರಣಗಳಿಗೆ ಅಗ್ನಿಪರೀಕ್ಷೆ. ಗುಡುಗು ಸಿಡಿಲು, ಏರಿಳಿಯುವ ವೋಲ್ಟೇಜು, ತಿಂಗಳುಗಟ್ಟಲೆ ಬಿಡದ ಥಂಡಿ.

ಇಂಥ ಊರುಗಳಿಗೆ ಹೇಳಿ ಮಾಡಿಸಿದಂತಿದ್ದದ್ದು ಹಳೆಯ ಸುಮೀತ್ ಮಿಕ್ಸಿ. ತಮ್ಮ ಮನೆಯಲ್ಲಿದ್ದ ಜರ್ಮನ್ ಮಿಕ್ಸಿ ಕೆಟ್ಟಾಗ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ನಮ್ಮ ಮಸಾಲೆ, ಹಿಟ್ಟುಗಳನ್ನು ರುಬ್ಬಲೆಂದೇ ಇದನ್ನು ರೂಪಿಸಿದರು. ಕಂಪನಿ ಶುರುವಾದದ್ದು 1963ರಲ್ಲಿ. ಬಲವಾದ ಮೋಟಾರು, ಸ್ಕ್ರೂ ಬಿಚ್ಚಿದರೆ ತೆರೆದುಕೊಳ್ಳುವ ಒಡಲು. ಕಾರ್ಬನ್ ಬ್ರಷ್ ಸವೆಯಲಿ, ಕಪ್ಲರ್ ಹರಿಯಲಿ, ಆ ಒಂದು ಭಾಗ ಬದಲಿಸಿದರೆ ಮತ್ತೆ ಚಟ್ನಿ ರುಬ್ಬಲು ಸಿದ್ಧ. ಇಂದಿನ ಹಲವು ಉಪಕರಣಗಳ ಜೀವ ಇರುವುದು ಸರ್ಕ್ಯೂಟ್ ಬೋರ್ಡಿನಲ್ಲಿ. ಸಿಡಿಲಿಗೆ ಅದು ಸುಟ್ಟರೆ ಸಾಮಾನ್ಯವಾಗಿ ಇಡೀ ಬೋರ್ಡನ್ನೇ ಬದಲಿಸಬೇಕು.

ಹಾಗಂತ ಹಳೆಯದೆಲ್ಲ ಗಟ್ಟಿಯೇನಲ್ಲ. ಬೇಗ ಕೆಟ್ಟವು ಎಂದೋ ಗುಜರಿ ಸೇರಿವೆ. ಉಳಿದವಷ್ಟೇ ಈಗ ಕಣ್ಣಿಗೆ ಬೀಳುತ್ತವೆ. ಕರೆಂಟು ಉಳಿಸುವುದರಲ್ಲಿ ಹೊಸ ಫ್ರಿಜ್ಜುಗಳದೇ ಮೇಲುಗೈ.

ಹಾಗೆಂದು ಹೊಸದನ್ನು ಕೊಂಡರೂ ಅದನ್ನು ಸರಿಪಡಿಸಿಕೊಳ್ಳುವಂತಿರಬೇಕು. ಗ್ರಾಹಕರ ಈ ರಿಪೇರಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಜಾಲತಾಣವನ್ನೇ ತೆರೆದಿದೆ. ಮುಂದಿನ ಸಲ ಅಂಗಡಿಗೆ ಹೋದಾಗ ರಿಯಾಯಿತಿಗಿಂತ ಮೊದಲು ಬಿಡಿಭಾಗ ಎಲ್ಲಿ ಸಿಗುತ್ತದೆಂದು ವಿಚಾರಿಸಿ.