ಅಚ್ಚಿನ ಗೆರೆಗೆ ನಮ್ಮ ಬಿಸಿಲು

ಅಚ್ಚಾದ ಗೆರೆಯೊಳಗೆ ಬಣ್ಣ ತುಂಬುವುದನ್ನು ಕಲೆ ಅನ್ನಬಹುದೇ? ಬೆಂಗಳೂರಿನ ಗರುಡಾಚಾರ್‌ಪಾಳ್ಯ, ಮಹದೇವಪುರ, ಹೂಡಿ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಕೈಯಾರೆ ಗ್ರೀಟಿಂಗ್ ಕಾರ್ಡ್ ಮಾಡುವವರು ಈ ಪ್ರಶ್ನೆಯನ್ನು ತಮ್ಮ ಮನೆಯವರ ಬಾಯಲ್ಲೇ ಕೇಳಿರುತ್ತಾರೆ. ಅವರು ಮಾಡುವುದು ಇಷ್ಟು: ಕಲಾವಿದರೊಬ್ಬರು ಬರೆದ ರೇಖಾಚಿತ್ರದ ಫೈಲನ್ನು ದುಡ್ಡು ಕೊಟ್ಟು ಇಳಿಸಿಕೊಳ್ಳುತ್ತಾರೆ. ಇದೇ ಡಿಜಿಟಲ್ ಸ್ಟ್ಯಾಂಪ್. ಅದನ್ನು ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆದು, ಆಲ್ಕೊಹಾಲ್ ಮಾರ್ಕರ್‌ಗಳಿಂದ ಬಣ್ಣ ಹಾಕಿ, ಕತ್ತರಿಸಿ, ಮಡಿಸಿದ ಕಾರ್ಡಿನ ಮುಖಕ್ಕೆ ಅಂಟಿಸುತ್ತಾರೆ. ಗೆರೆ ಬೇರೆಯವರದು, ಕಾಗದ ಅಂಗಡಿಯದು, ನಿನ್ನದೇನಿದೆ ಇದರಲ್ಲಿ ಎಂದು ಕೇಳಿದರೆ ಎಷ್ಟೋ ಜನ ಸುಮ್ಮನಾಗಿಬಿಡುತ್ತಾರೆ. ಸುಮ್ಮನಾಗಬೇಕಾಗಿಲ್ಲ.

ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡ್ 1843ರದು. ಲಂಡನ್ನಿನ ಹೆನ್ರಿ ಕೋಲ್ ಮಾಡಿಸಿದ ಆ ಕಾರ್ಡಿಗೆ ಚಿತ್ರ ಬರೆದವನು ಜಾನ್ ಕಾಲ್ಕಾಟ್ ಹಾರ್ಸ್ಲಿ. ಗೆರೆಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಬಣ್ಣವನ್ನು ಕೈಯಿಂದ ಹಾಕಿದ್ದರು. ಅಂದರೆ ಅಂಗಡಿಯ ಕ್ರಿಸ್‌ಮಸ್ ಕಾರ್ಡ್ ಹುಟ್ಟಿದ್ದೇ ಒಬ್ಬರ ಗೆರೆ, ಮತ್ತೊಬ್ಬರ ಬಣ್ಣ ಸೇರಿ. ಅಷ್ಟು ದೂರ ಹೋಗುವುದೂ ಬೇಡ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಶುರುಮಾಡಿದ ಮೇಲೆ ಅವನ ಲಕ್ಷ್ಮಿ, ಸರಸ್ವತಿಯರು ದಕ್ಷಿಣದ ದೇವರ ಕೋಣೆಗಳಿಗೆ ಬಂದರು. ಬಂದವರನ್ನು ನಮ್ಮ ಹೆಂಗಸರು ಹಾಗೆಯೇ ಗೋಡೆಗೆ ತೂಗುಹಾಕಲಿಲ್ಲ. ಅಚ್ಚಿನ ಸೀರೆಯ ಮೇಲೆ ನಿಜವಾದ ಬಟ್ಟೆ ಅಂಟಿಸಿದರು, ಅಂಚಿಗೆ ಜರಿ ಇಟ್ಟರು, ಒಡವೆಗೆ ಚಮಕಿ, ಮಣಿ ಹೊಲಿದರು. ಹಾಗೆ ಸಿಂಗರಿಸಿದ ಚಿತ್ರಗಳನ್ನು ಈಗ ಸಂಗ್ರಾಹಕರು ಜೋಪಾನವಾಗಿ ಕಾಪಾಡುತ್ತಿದ್ದಾರೆ. ಬೆಂಗಳೂರಿನ ವಕೀಲ ಗಣೇಶ್ ಶಿವಸ್ವಾಮಿ ರವಿವರ್ಮನ ಚಿತ್ರಗಳು ಜನರ ಬದುಕಿನಲ್ಲಿ ಉಳಿಸಿದ ಗುರುತುಗಳ ಬಗ್ಗೆ ಹಲವು ಸಂಪುಟಗಳನ್ನೇ ತಂದಿದ್ದಾರೆ. ಸಾವಿರಾರು ಮನೆಗಳಿಗೆ ಒಂದೇ ಲಕ್ಷ್ಮಿ ಬಂದಳು. ಯಾವ ಬಟ್ಟೆ, ಯಾವ ಅಂಚು, ಎಷ್ಟು ಚಮಕಿ ಎಂಬುದನ್ನು ಆಯಾ ಮನೆಯಾಕೆ ನಿರ್ಧರಿಸಿದಳು.

ಡಿಜಿಟಲ್ ಸ್ಟ್ಯಾಂಪಿನ ಕಾರ್ಡನ್ನು ಅಳೆಯಬೇಕಾದದ್ದೂ ಈ ನಿರ್ಧಾರಗಳಿಂದಲೇ. ಬಣ್ಣ ಎಷ್ಟು ನುಣ್ಣಗೆ ಕೂತಿದೆ ಎಂಬುದು ಎರಡನೆಯ ಮಾತು.

ನುಣುಪನ್ನು ಹಗುರವಾಗಿ ಕಾಣುವುದೂ ಸರಿಯಲ್ಲ, ಅದು ಸುಲಭಕ್ಕೆ ಬರುವುದಿಲ್ಲ. ಆಲ್ಕೊಹಾಲ್ ಮಾರ್ಕರಿನ ಶಾಯಿ ಕಾಗದದ ಮೇಲೆ ನಿಲ್ಲುವುದಿಲ್ಲ, ಒಳಗಿಳಿಯುತ್ತದೆ. 75 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 75 ಗ್ರಾಂ ತೂಗುವ ಜೆರಾಕ್ಸ್ ಹಾಳೆಯಲ್ಲಿ ಗೆರೆ ದಾಟಿ ಹಬ್ಬಿ ಹಿಂಬದಿಗೂ ತೂರುತ್ತದೆ. ಲಗ್ನಪತ್ರಿಕೆಗೆ ಬಳಸುವ ಹೊಳಪಿನ ಆರ್ಟ್ ಕಾರ್ಡಿನಲ್ಲಿ ಒಳಗಿಳಿಯಲಾರದೆ ಮೇಲೆಯೇ ಪಟ್ಟೆ ಪಟ್ಟೆಯಾಗಿ ಒಣಗುತ್ತದೆ. ಬೇಕಾದದ್ದು ಹೊಳಪಿಲ್ಲದ, ನುಣುಪಾದ, ಒತ್ತಾದ ಕಾಗದ, 250ರಿಂದ 300 ಜಿಎಸ್‌ಎಂ. ಅದಕ್ಕೆ ಸುಲ್ತಾನ್‌ಪೇಟೆಯ ಕಾಗದದಂಗಡಿಗಳಿವೆ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ತುಂಡು ಸೇರಿಕೊಂಡ ಮೇಲೆ ಗರುಡಾಚಾರ್‌ಪಾಳ್ಯ ಸ್ಟೇಷನ್ನಿನಲ್ಲಿ ನೇರಳೆ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದರೆ ಸುಲ್ತಾನ್‌ಪೇಟೆ ನಡೆಯುವಷ್ಟು ದೂರ. ಕೈಯಿಂದ ಸವರಿ ನೋಡಿ ಕೊಂಡ ಹಾಳೆಗೂ ಆನ್‌ಲೈನಿನಲ್ಲಿ ತರಿಸಿದ ಹಾಳೆಗೂ ಇರುವ ವ್ಯತ್ಯಾಸ ಬಣ್ಣ ಹಾಕಿದ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಪ್ರಿಂಟಿನದೂ ಒಂದು ಲೆಕ್ಕವಿದೆ. ಸಾಮಾನ್ಯ ಇಂಕ್‌ಜೆಟ್ ಶಾಯಿ ನೀರಿಗೆ ಹರಡುತ್ತದೆ. ಅದರ ಮೇಲೆ ವಾಟರ್‌ಕಲರ್ ಹಾಕಿದರೆ ಕಪ್ಪು ಗೆರೆ ಕರಗಿ ಮುಖವೆಲ್ಲ ಮಸಿಯಾಗುತ್ತದೆ. ಈ ಹವ್ಯಾಸದವರು ಆಲ್ಕೊಹಾಲ್ ಮಾರ್ಕರಿಗೆ ಒಲಿದದ್ದಕ್ಕೆ ಇದೂ ಒಂದು ಕಾರಣ. 1987ರಲ್ಲಿ ಜಪಾನಿನಲ್ಲಿ ಕಾಪಿಕ್ ಮಾರ್ಕರ್ ಬಂದದ್ದೇ ಜೆರಾಕ್ಸ್ ಪ್ರತಿಯ ಟೋನರ್ ಕರಗದಂತೆ ಬಣ್ಣ ಹಾಕಬೇಕೆಂಬ ಉದ್ದೇಶದಿಂದ. ಈಗ ಅದರಲ್ಲಿ 358 ಬಣ್ಣಗಳಿವೆ, ಒಂದೊಂದು ಪೆನ್ನಿಗೆ ನೂರಾರು ರೂಪಾಯಿ. ನಮ್ಮ ಕಡೆ ಹೆಚ್ಚಿನವರು ಬೆಲೆ ಕಡಿಮೆಯ ಬ್ರುಸ್ಟ್ರೊ, ಒಹುಹು ಮಾರ್ಕರ್ ಸೆಟ್ಟುಗಳಲ್ಲೇ ಕೆಲಸ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಒಂದು ಜಾಗಕ್ಕೆ ಮೂರು ಶೇಡ್ ಬೇಕು: ತಿಳಿ, ನಡುವಿನದು, ಗಾಢ. ಮೊದಲ ಪದರ ಆರುವ ಮುನ್ನ ಎರಡನೆಯದನ್ನು ತಂದು, ಕೂಡುವ ಅಂಚನ್ನು ಮತ್ತೆ ತಿಳಿ ಬಣ್ಣದಿಂದ ಸವರಿದರೆ ಗಡಿ ಅಳಿಸಿಹೋಗುತ್ತದೆ. ಕೈ ನಿಂತರೆ ಅಲ್ಲೊಂದು ಗೆರೆ ಬಿದ್ದಂತೆಯೇ. ಇದನ್ನು ಒಂದು ಮಗುವಿನ ಕೆನ್ನೆಯಷ್ಟು ಜಾಗದಲ್ಲಿ ಮಾಡಿ ತೋರಿಸುವವರ ಕೈಚಳಕವನ್ನು ನಾನು ಗೌರವಿಸುತ್ತೇನೆ.

ನನ್ನ ತಕರಾರು ಶುರುವಾಗುವುದು ಆ ಕೆನ್ನೆಯ ಬಣ್ಣದಲ್ಲೇ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಡೆದ ಭಾನುವಾರದ ಕ್ಲಾಸೊಂದರಲ್ಲಿ ಹುಡುಗಿಯೊಬ್ಬಳು ಕೇಳಿದಳು, “ಆಂಟಿ, ಮುಖಕ್ಕೆ ಯಾವ ಕಲರ್ ಹಾಕ್ಲಿ?” “ಸ್ಕಿನ್ ಕಲರ್ ಹಾಕಮ್ಮ” ಎಂಬ ಉತ್ತರ ಬಂತು. ಹುಡುಗಿ ಸೆಟ್ಟಿನಿಂದ ತಿಳಿ ಪೀಚ್ ಬಣ್ಣದ ಪೆನ್ನು ತೆಗೆದಳು. ಅದನ್ನು ಹಿಡಿದಿದ್ದ ಅವಳ ಬೆರಳಾಗಲಿ, ಪಕ್ಕದಲ್ಲಿ ಕೂತಿದ್ದ ನಮ್ಮಲ್ಲಿ ಯಾರೊಬ್ಬರ ಕೈಯಾಗಲಿ ಆ ಬಣ್ಣದ್ದಾಗಿರಲಿಲ್ಲ. ಉತ್ತರ ಕೊಟ್ಟವರನ್ನು ದೂರಿ ಫಲವಿಲ್ಲ, ವಿಡಿಯೋ ಪಾಠಗಳಲ್ಲಿ ಹೆಚ್ಚಾಗಿ ಹೇಳಿಕೊಡುವುದೇ ಅದು. ಕಾಪಿಕ್‌ನಲ್ಲಿ ಮಣ್ಣಿನ ಬಣ್ಣಗಳಿಗೆ ‘ಇ’ ಎಂಬ ಸಾಲೇ ಇದೆ, ಕೊನೆಯ ಅಂಕಿ ಏರಿದಂತೆ ಬಣ್ಣ ಗಾಢವಾಗುತ್ತದೆ. ಇ 00, ಇ 11 ಹಿಡಿದು ಪಾಠ ನಿಲ್ಲುತ್ತದೆ. ಅದೇ ಸಾಲಿನಲ್ಲಿ ಮುಂದೆ ಇ 13, ಇ 15, ಇ 18 ಇವೆ. ಮೂರನ್ನೂ ಕೂಡಿಸಿದರೆ ನಮ್ಮ ರಸ್ತೆಯಲ್ಲಿ ಆಡುವ ಮಗುವಿನ ಮುಖ ಬರುತ್ತದೆ. ತನ್ನ ಮಗಳಿಗೆಂದೇ ಮಾಡಿದ ಕಾರ್ಡಿನಲ್ಲಿ ತಾಯಿಯೊಬ್ಬಳು ಮಗಳ ಬಣ್ಣವನ್ನೇ ಬಿಟ್ಟರೆ, ಎಷ್ಟೇ ನುಣ್ಣಗಿದ್ದರೂ ಆ ಕಾರ್ಡ್ ಸೋತಿದೆ.

ಬೆಳಕಿನ ವಿಷಯವೂ ಹೀಗೆಯೇ. ಬೆಳಕು ಮೇಲೆ ಎಡಗಡೆಯಿಂದ ಬೀಳುತ್ತಿದೆ ಎಂದುಕೊಳ್ಳಿ, ನೆರಳನ್ನು ಬಲಕ್ಕೆ ಮೆಲ್ಲಗೆ ಎಳೆಯಿರಿ ಎಂಬುದು ಕಲಿಸುವವರ ಸಿದ್ಧ ಸೂತ್ರ. ಸೂರ್ಯ ಯಾವಾಗಲೂ ಓರೆಯಾಗಿಯೇ ಇರುವ ಉತ್ತರದ ದೇಶಗಳಿಗೆ ಅದು ಸರಿ. ಬೆಂಗಳೂರು 13ನೆಯ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬಂದು, ನೆಟ್ಟ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ನೆಹರೂ ತಾರಾಲಯಕ್ಕೆ ಆ ದಿನ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಶೂನ್ಯ ನೆರಳು ಅಂದರೇನೆಂದು ಗೊತ್ತಿರುತ್ತದೆ. ಯುಗಾದಿ ಬರುವುದು ಅದಕ್ಕೆ ಕೆಲವೇ ವಾರ ಮೊದಲು. ಯುಗಾದಿ ಕಾರ್ಡಿನ ಹುಡುಗಿಗೆ ನೆರಳು ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಗದ್ದದ ಕೆಳಗೆ, ಲಂಗದ ಮಡಿಕೆಯ ಕೆಳಗೆ ಬೀಳಬೇಕು. ಕೂದಲಿನ ಹೊಳಪು ನೆತ್ತಿಯಲ್ಲೇ ಇರಬೇಕು. ಇಷ್ಟು ಬದಲಾಯಿಸಿದರೆ ಯಾರೋ ದೂರದವರು ಬರೆದ ಅದೇ ಹುಡುಗಿ ಮಧ್ಯಾಹ್ನ ಹನ್ನೆರಡಕ್ಕೆ ಗರುಡಾಚಾರ್‌ಪಾಳ್ಯದ ರಸ್ತೆಯಲ್ಲಿ ನಿಂತಿರುತ್ತಾಳೆ. ಗೆರೆಯಲ್ಲಿ ಒಂದನ್ನೂ ತಿದ್ದಬೇಕಾಗಿಲ್ಲ.

ಕಳೆದ ಯುಗಾದಿಗೆ ನನಗೆ ಬಂದ ಒಂದು ಕಾರ್ಡನ್ನು ಇಲ್ಲಿ ಬಿಡಿಸಿ ಹೇಳಬೇಕು. ಬುಟ್ಟಿ ಹಿಡಿದ ಹುಡುಗಿಯ ಸ್ಟ್ಯಾಂಪ್. ಮೂಲದಲ್ಲಿ ಕುತ್ತಿಗೆಗೆ ಮಫ್ಲರ್ ಇತ್ತಂತೆ. ಮಾಡಿದಾಕೆ ಪ್ರಿಂಟ್ ತೆಗೆಯುವ ಮುಂಚೆ ಅದನ್ನು ಕಂಪ್ಯೂಟರಿನಲ್ಲೇ ಅಳಿಸಿದ್ದಾರೆ, ಗೆರೆಯನ್ನು ಕಪ್ಪಿನ ಬದಲು ತಿಳಿ ಬೂದು ಮಾಡಿ ಅಚ್ಚುಹಾಕಿದ್ದಾರೆ. ಬಣ್ಣ ತುಂಬಿದ ಮೇಲೆ ಗೆರೆ ಕಾಣದೆ, ಆಕಾರ ಬರೀ ನೆರಳಿನಿಂದ ನಿಂತಿದೆ. ಬುಟ್ಟಿಯ ಎಲೆಗಳನ್ನು ಮಾವಿನ ಚಿಗುರು ಮಾಡಿದ್ದಾರೆ. ಮಾವಿನ ಎಳೆ ಚಿಗುರು ಹಸಿರಲ್ಲ, ತಾಮ್ರ. ತುದಿಯಲ್ಲಿ ಕೆಂಪು ಕಂದು, ತೊಟ್ಟಿನ ಹತ್ತಿರ ಅದು ಮೆಲ್ಲಗೆ ಹಳದಿ ಹಸಿರಿಗೆ ತಿರುಗುತ್ತದೆ. ಹಾಗೆಯೇ ಹಾಕಿದ್ದಾರೆ. ಅವುಗಳ ನಡುವೆ ಬೇವಿನ ಹೂವಿಗಾಗಿ ಬಣ್ಣವನ್ನೇ ಹಾಕದೆ ಕಾಗದದ ಬಿಳಿಯನ್ನು ಚುಕ್ಕಿ ಚುಕ್ಕಿಯಾಗಿ ಬಿಟ್ಟಿದ್ದಾರೆ. ಎಲೆಯೆಂದರೆ ಹಸಿರು ಪೆನ್ನು ಎಂಬ ಅಭ್ಯಾಸ ಮೀರಿ, ಮರವನ್ನು ನೋಡಿ ಬಂದ ಕೈ ಅದು. ಕೆನ್ನೆಯ ಒಂದು ಕಡೆ ಶಾಯಿ ಸ್ವಲ್ಪ ಹಬ್ಬಿದೆ. ಸ್ಪರ್ಧೆಯಾಗಿದ್ದರೆ ಅದಕ್ಕೆ ಅಂಕ ಕಳೆಯುತ್ತಿದ್ದರು. ನಾನು ಕಂಡ ಈ ಬಗೆಯ ಕಾರ್ಡುಗಳಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ.

ಅಳತೆಯಲ್ಲೂ ಕಣ್ಣು ಮುಚ್ಚಿ ನಡೆಯುವ ಅಭ್ಯಾಸವಿದೆ. ಎಲ್ಲರೂ ನಾಲ್ಕೂಕಾಲು ಇಂಚಿಗೆ ಐದೂವರೆ ಇಂಚಿನ ಕಾರ್ಡ್ ಮಾಡುತ್ತಾರೆ. ಅದು ಅಮೆರಿಕದ ಎಂಟೂವರೆ ಇಂಚು ಅಗಲದ ಹಾಳೆಯಿಂದ ಬಂದ ಅಳತೆ, ಅಲ್ಲಿ ಒಂದು ಹಾಳೆಗೆ ಎರಡು ಕಾರ್ಡ್ ಸಿಗುತ್ತವೆ. ನಮ್ಮ ಎ4 ಹಾಳೆಯ ಅಗಲ 210 ಮಿಲಿಮೀಟರ್, ಅಂದರೆ ಎಂಟೂಕಾಲು ಇಂಚು ಚಿಲ್ಲರೆ. ಆ ಕಾಲು ಇಂಚಿನ ಕೊರತೆಯಿಂದ ಒಂದು ಹಾಳೆಗೆ ಒಂದೇ ಕಾರ್ಡ್, ಉಳಿದದ್ದು ಬುಟ್ಟಿಗೆ. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿ ಮಡಿಸಿದರೆ ಚೂರೂ ಪೋಲಾಗದೆ ಎರಡು ಕಾರ್ಡ್ ಆಗುತ್ತವೆ. ಅಂಚೆಗೂ ಅದೇ ಒಳ್ಳೆಯದು. 300 ಜಿಎಸ್‌ಎಂ ಕಾಗದದಲ್ಲಿ ಆ ಕಾರ್ಡು ಸುಮಾರು ಒಂಬತ್ತೂವರೆ ಗ್ರಾಂ, ಮುಖಕ್ಕೆ ಅಂಟಿಸುವ ಚಿತ್ರ ನಾಲ್ಕೂವರೆ ಚಿಲ್ಲರೆ, ಲಕೋಟೆ ಸೇರಿ 18 ಗ್ರಾಂ ಆಸುಪಾಸು. ಸಾದಾ ಅಂಚೆಯ ದರದ ಮೊದಲ ಹಂತ 20 ಗ್ರಾಂ. ಫೋಮ್ ಟೇಪ್ ಹಾಕಿ ಎತ್ತರಿಸಿದ ಇನ್ನೊಂದು ಲೇಯರ್, ನಾಲ್ಕು ಮುತ್ತು, ಒಂದು ಗುಂಡಿ ಸೇರಿದವೋ, ಹಂತ ದಾಟಿತು. ಅಂಚೆಮುದ್ರೆಯ ಪೆಟ್ಟಿಗೆ ಆ ಮುತ್ತುಗಳು ಕಾಗದದೊಳಗೆ ಹೂತುಹೋಗಿ ಚಿತ್ರಕ್ಕೂ ಗುಳಿ ಬೀಳುತ್ತದೆ. ಅಲಂಕಾರ ಕಡಿಮೆಯಿದ್ದಷ್ಟೂ ಬಣ್ಣದ ಕೆಲಸ ಎದ್ದು ಕಾಣುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರ್ಡು ತೆರೆದರೆ ಇನ್ನೂ ದೊಡ್ಡ ಕೊರತೆ ಕಾಣುತ್ತದೆ. ಗಂಟೆಗಟ್ಟಲೆ ಬಣ್ಣ ಹಾಕಿದವರು ಒಳಪುಟದಲ್ಲಿ ಅಚ್ಚಾದ ಇಂಗ್ಲಿಷ್ ಸಾಲೊಂದನ್ನು ಅಂಟಿಸಿ ಹೆಸರು ಬರೆದು ಮುಗಿಸುತ್ತಾರೆ. ರಬ್ಬರ್ ಸ್ಟ್ಯಾಂಪಿನ ಕಾಲದಲ್ಲಿ ಇದಕ್ಕೆ ಕಾರಣವಿತ್ತು, ಕನ್ನಡ ಶುಭಾಶಯದ ಸ್ಟ್ಯಾಂಪ್ ಅಂಗಡಿಗಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಡಿಜಿಟಲ್ ಆದ ಮೇಲೆ ಆ ನೆಪವಿಲ್ಲ. ನುಡಿಯಿದೆ, ಬರಹವಿದೆ, ಬಲೂ ತಮ್ಮ, ನವಿಲು, ಗುಬ್ಬಿಯಂಥ ಪುಕ್ಕಟೆ ಫಾಂಟ್‌ಗಳಿವೆ. ಚಿತ್ರದ ಜೊತೆಗೇ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಎಂದು ಹಾಕಿ ಪ್ರಿಂಟ್ ತೆಗೆಯಬಹುದು. ಅದಕ್ಕಿಂತ ಒಳ್ಳೆಯದು ಪೆನ್ನಿನಲ್ಲಿ ಬರೆಯುವುದು. ಅಜ್ಜಿಗೆ ಕಳಿಸುವ ಕಾರ್ಡಿನಲ್ಲಿ ಅಜ್ಜಿ ಓದುವ ಲಿಪಿ ಇರಬೇಕು. ಈ ಮಾರ್ಕರ್ ಬಣ್ಣಗಳು ಬಿಸಿಲಿಗೆ ಮಾಸುವಂಥವು, ಶೋಕೇಸಿನ ಮೇಲಿಟ್ಟ ಚಿತ್ರ ಕೆಲವು ವರ್ಷದಲ್ಲಿ ಪೇಲವವಾಗುತ್ತದೆ. ಒಳಗೆ ನಾಲ್ಕು ಸಾಲು ಕೈಬರಹವಿದ್ದರೆ ಆಮೇಲೂ ಯಾರಾದರೂ ಅದನ್ನು ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆ.

ಕೊನೆಯದಾಗಿ, ಆ ಗೆರೆ ಬರೆದವರ ಹಕ್ಕು. ಡಿಜಿಟಲ್ ಸ್ಟ್ಯಾಂಪ್ ಮಾರುವ ಕಲಾವಿದರಲ್ಲಿ ಹಲವರು ‘ಏಂಜಲ್ ಪಾಲಿಸಿ’ ಎಂದು ಉದಾರವಾದ ನಿಯಮ ಇಟ್ಟುಕೊಂಡಿದ್ದಾರೆ: ಅವರ ಚಿತ್ರಕ್ಕೆ ಕೈಯಾರೆ ಬಣ್ಣ ಹಾಕಿದ ಕಾರ್ಡುಗಳನ್ನು ಮಿತವಾಗಿ ಮಾರಬಹುದು, ಆದರೆ ಫೈಲನ್ನು ಮಾತ್ರ ಹಂಚುವಂತಿಲ್ಲ. ನಮ್ಮಲ್ಲಿ ಒಬ್ಬರು ಕೊಂಡ ಫೈಲು ಸಂಜೆಯೊಳಗೆ ವಾಟ್ಸ್‌ಆ್ಯಪ್ ಗುಂಪಿನವರೆಲ್ಲರ ಫೋನಿನಲ್ಲಿರುತ್ತದೆ. ಇದು 1957ರ ಕಾಪಿರೈಟ್ ಕಾಯ್ದೆಗೆ ವಿರುದ್ಧ ಎಂಬುದು ಒಂದು ಕಡೆಯಾದರೆ, ಒಬ್ಬ ಕಲಾವಿದೆಯ ಸಂಪಾದನೆಗೆ ಕೈ ಹಾಕಿದಂತೆ ಎಂಬುದು ಇನ್ನೂ ನೋವಿನ ಸಂಗತಿ. ಗೆರೆಗೆ ಬೆಲೆ ಕೊಡದವರಿಗೆ ತಮ್ಮ ಬಣ್ಣಕ್ಕೆ ಬೆಲೆ ಕೇಳುವ ಬಾಯಿ ಇರುವುದಿಲ್ಲ.

ಬೆಲೆ ಕೊಡುವವರಿದ್ದಾರೆ ಎಂದು ಗೊತ್ತಾದರೆ ಇಲ್ಲಿಯವರೂ ಗೆರೆ ಬರೆಯಲು ಮುಂದೆ ಬರುತ್ತಾರೆ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಫುಟ್‌ಪಾತಿನುದ್ದಕ್ಕೂ ಕೂತು ಪೆನ್ನಿನಲ್ಲಿ ರೇಖಾಚಿತ್ರ ಬರೆಯುವ ಹುಡುಗ ಹುಡುಗಿಯರನ್ನು ನೋಡಿದಾಗಲೆಲ್ಲ ನನಗೆ ಇದೇ ಯೋಚನೆ. ಕಬ್ಬಿನ ಜಲ್ಲೆ ಹಿಡಿದ ಮಗು, ಎಳ್ಳು ಬೀರಲು ಹೊರಟ ಅಕ್ಕ ತಂಗಿಯರು, ಹಸಿ ಕರಗ, ಶಿವಾಜಿನಗರದ ಬೆಸಿಲಿಕಾ ಜಾತ್ರೆಯ ಕಾವಿ ಸೀರೆಯ ಹೆಂಗಸರು, ಹಲಸೂರಿನ ಮನೆ ಮುಂದಿನ ಪೊಂಗಲ್ ಗಡಿಗೆ, ಕೆ.ಆರ್. ಪುರದ ತೂಗುಸೇತುವೆ: ಇವನ್ನು ಬಣ್ಣಕ್ಕೆ ಜಾಗ ಬಿಟ್ಟು, ಮುಚ್ಚಿದ ಗೆರೆಗಳಲ್ಲಿ, 300 ಡಿಪಿಐ ಫೈಲಾಗಿ ಬರೆದು ಮಾರಲಿ. ಕೊಳ್ಳುವವರು ಗರುಡಾಚಾರ್‌ಪಾಳ್ಯದಲ್ಲೇ ಇದ್ದಾರೆ. ಮೂರು ಶೇಡ್ ಪೆನ್ನುಗಳೂ ಅವರ ಕೈಯಲ್ಲಿವೆ.