ಕೇಳದೆ ಬರೆಯುವ ಧ್ವನಿಲೇಖನ: ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಧ್ವನಿವಿಜ್ಞಾನದ ಬೋಧನೆ ಕುರಿತ ವಿಮರ್ಶೆ

ನಮ್ಮ ಇಂಗ್ಲಿಷ್ ಸ್ನಾತಕೋತ್ತರ ವಿಭಾಗಗಳಲ್ಲಿ ಧ್ವನಿವಿಜ್ಞಾನವು ಬಹುಕಾಲದಿಂದ ಬೋಧಿಸಲ್ಪಡುತ್ತಿರುವ ವಿಷಯ. ಉಚ್ಚಾರಣಾಂಗಗಳ ರೇಖಾಚಿತ್ರ, 24 ವ್ಯಂಜನಗಳು ಹಾಗೂ 20 ಸ್ವರಗಳ ಪಟ್ಟಿ, ಪದಾಘಾತದ ನಿಯಮಗಳು, ಕೊನೆಗೆ ಒಂದು ಗದ್ಯಭಾಗದ ಧ್ವನಿಲೇಖನ: ಅನೇಕ ಕಡೆಗಳಲ್ಲಿ ಪಠ್ಯಕ್ರಮದ ಸ್ವರೂಪ ಹೀಗೆಯೇ ಇದೆ. ಪರೀಕ್ಷೆಯಲ್ಲಿ ಪದಗಳು ಇಂಗ್ಲಿಷ್ ಕಾಗುಣಿತದಲ್ಲಿ ಅಚ್ಚಾಗಿರುತ್ತವೆ; ವಿದ್ಯಾರ್ಥಿಗಳು ಅವುಗಳನ್ನು ಅಂತಾರಾಷ್ಟ್ರೀಯ ಧ್ವನಿಲಿಪಿಗೆ ಮಾರ್ಪಡಿಸುತ್ತಾರೆ; ಮೌಲ್ಯಮಾಪಕರು ನಿಘಂಟಿನೊಡನೆ ಹೋಲಿಸಿ ಅಂಕ ನೀಡುತ್ತಾರೆ. ಈ ಇಡೀ ವ್ಯವಹಾರದಲ್ಲಿ ಒಂದು ಧ್ವನಿಯೂ ಯಾರ ಕಿವಿಗೂ ಬೀಳುವುದಿಲ್ಲ. ಒಂದು ಬರೆಹದಿಂದ ಇನ್ನೊಂದು ಬರೆಹಕ್ಕೆ ನಡೆಯುವ ಈ ಪರಿವರ್ತನೆಯನ್ನು ಧ್ವನಿವಿಜ್ಞಾನದ ಪರೀಕ್ಷೆ ಎನ್ನಲು ಬರುವುದಿಲ್ಲವೆಂಬುದು ನಮ್ಮ ಮೊದಲ ವಾದ. ಇದು ಬೋಧನಾಕ್ರಮದ ದೋಷವಷ್ಟೇ ಅಲ್ಲ, ಕಲಿಯುವವರ ಸ್ವಂತ ಮಾತನ್ನು ಅಧ್ಯಯನದ ಆಕರವಾಗಿಸುವ ಬದಲು ಅಪರಾಧವಾಗಿ ಪರಿಗಣಿಸುವ ಕ್ರಮವೂ ಹೌದೆಂಬುದು ಎರಡನೆಯದು.

1. ಮಾದರಿಯ ವಯಸ್ಸು

ಪರೀಕ್ಷೆಯಲ್ಲಿ ‘ಸರಿಯುತ್ತರ’ವಾಗಿ ನಿಲ್ಲುವ ಉಚ್ಚಾರಣೆಯ ಮೂಲವನ್ನು ಡೇನಿಯಲ್ ಜೋನ್ಸ್ ಅವರ 1917ರ ಉಚ್ಚಾರಣಾ ನಿಘಂಟಿನಲ್ಲಿ ಕಾಣಬಹುದು. ಜೋನ್ಸ್ ಆಗ ಅದನ್ನು ‘ಪಬ್ಲಿಕ್ ಸ್ಕೂಲ್ ಉಚ್ಚಾರಣೆ’ ಎಂದು ಕರೆದಿದ್ದರು. ಅಂದರೆ ಅದು ಇಂಗ್ಲೆಂಡಿನ ಪ್ರತಿಷ್ಠಿತ ವಸತಿಶಾಲೆಗಳಲ್ಲಿ ಓದಿದವರ, ಮುಖ್ಯವಾಗಿ ದಕ್ಷಿಣ ಭಾಗದ ಕುಟುಂಬಗಳ ಮಾತು. ‘ರಿಸೀವ್ಡ್ ಪ್ರನನ್ಸಿಯೇಷನ್’ ಎಂಬ ಹೆಸರನ್ನು ಅವರು ಸ್ವೀಕರಿಸಿದ್ದು 1926ರ ಆವೃತ್ತಿಯಲ್ಲಿ. ತಾವು ಒಂದು ಬಗೆಯ ಮಾತನ್ನು ವರ್ಣಿಸುತ್ತಿದ್ದೇವೆಯೇ ಹೊರತು ಎಲ್ಲರಿಗೂ ವಿಧಿಸುತ್ತಿಲ್ಲ ಎಂಬ ನಿಲುವು ಅವರದಾಗಿತ್ತು. ವರ್ಣನೆಯಾಗಿ ಹುಟ್ಟಿದ್ದು ನಮ್ಮ ತರಗತಿಗಳನ್ನು ತಲುಪುವ ಹೊತ್ತಿಗೆ ವಿಧಿಯಾಗಿದೆ.

ಆ ಮಾದರಿಯೂ ಇದ್ದಲ್ಲಿಯೇ ಉಳಿದಿಲ್ಲ. ‘ಸ್ಕ್ವೇರ್’ ಎಂಬ ಪದದಲ್ಲಿ ಹಿಂದೆ ದ್ವಿಸ್ವರವೆಂದು ಗುರುತಿಸಲಾಗುತ್ತಿದ್ದ ಸ್ವರವು ಇಂದಿನ ಬ್ರಿಟಿಷ್ ಮಾತಿನಲ್ಲಿ ಬಹುಮಟ್ಟಿಗೆ ದೀರ್ಘ ಏಕಸ್ವರ. ‘ಪೂರ್’ ಎಂಬ ಪದದ ದ್ವಿಸ್ವರವನ್ನು ಅನೇಕರು ‘ಪೋರ್’ ಎಂಬುದರ ಸ್ವರದೊಡನೆ ಒಂದಾಗಿಸಿದ್ದಾರೆ. ಆಕ್ಸ್‌ಫರ್ಡಿನ ನಿಘಂಟುಗಳು ಮೊದಲನೆಯ ಬದಲಾವಣೆಯನ್ನು 1990ರ ದಶಕದಿಂದಲೇ ದಾಖಲಿಸತೊಡಗಿದವು. ಜೆಫ್ ಲಿಂಡ್ಸೆ ಅವರ 2019ರ ಕೃತಿಯು ಇಂತಹ ಬದಲಾವಣೆಗಳನ್ನು ಒಟ್ಟಾಗಿ ಚರ್ಚಿಸಿದೆ. ಹೀಗಿರುವಾಗ ‘ಸ್ಕ್ವೇರ್’ ಪದಕ್ಕೆ ಏಕಸ್ವರದ ಚಿಹ್ನೆ ಬರೆದವರ ಅಂಕ ಕಳೆಯುವ ಮೌಲ್ಯಮಾಪನವು, ಕಿವಿಗೊಟ್ಟು ಕೇಳಿದವರನ್ನು ಶಿಕ್ಷಿಸಿ ಬಾಯಿಪಾಠ ಮಾಡಿದವರನ್ನು ಪುರಸ್ಕರಿಸುತ್ತದೆ.

2. ಪಠ್ಯಪುಸ್ತಕಗಳ ಸಾಧನೆ ಮತ್ತು ಮಿತಿ

ಭಾರತೀಯ ಪಠ್ಯಪುಸ್ತಕಗಳ ಕೊಡುಗೆಯನ್ನು ಮರೆತು ಈ ಟೀಕೆ ಮಾಡುವುದು ಅನ್ಯಾಯವಾದೀತು. 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಈ ಕ್ಷೇತ್ರದ ಅಧ್ಯಾಪಕರ ಒಂದು ತಲೆಮಾರನ್ನೇ ರೂಪಿಸಿತು. ಆರ್. ಕೆ. ಬನ್ಸಲ್ ಅವರು 1969ರಲ್ಲಿ ಪ್ರಕಟಿಸಿದ ಅಧ್ಯಯನವು, ಭಾರತೀಯರ ಇಂಗ್ಲಿಷ್ ಕೇಳುಗರಿಗೆ ಎಷ್ಟರಮಟ್ಟಿಗೆ ಅರ್ಥವಾಗುತ್ತದೆಂಬುದನ್ನು ಊಹೆಗೆ ಬಿಡದೆ ಪ್ರಯೋಗದಿಂದ ಅಳೆಯಿತು. ಬನ್ಸಲ್ ಮತ್ತು ಜೆ. ಬಿ. ಹ್ಯಾರಿಸನ್ ಅವರ 1972ರ ಕೈಪಿಡಿ, ಟಿ. ಬಾಲಸುಬ್ರಮಣಿಯನ್ ಅವರ 1981ರ ಪಠ್ಯಪುಸ್ತಕ ಇವು ಭಾರತೀಯ ವಿದ್ಯಾರ್ಥಿಗಳನ್ನು ಕಣ್ಣಮುಂದಿಟ್ಟುಕೊಂಡೇ ರಚನೆಯಾದವು.

ಮಿತಿ ಇರುವುದು ಇಂತಹ ಪುಸ್ತಕಗಳನ್ನು ತರಗತಿಯಲ್ಲಿ ಬಳಸುವ ಅನುಕ್ರಮದಲ್ಲಿ. ಮೊದಲು ಬ್ರಿಟಿಷ್ ಧ್ವನಿಯ ವರ್ಣನೆ, ಬಳಿಕ ಭಾರತೀಯರು ಅದರಿಂದ ಎಲ್ಲಿ ತಪ್ಪುತ್ತಾರೆಂಬ ಸೂಚನೆ, ಆಮೇಲೆ ತಿದ್ದುಪಡಿ. ಈ ಕ್ರಮದಲ್ಲಿ ಕನ್ನಡಿಗರ ಉಚ್ಚಾರಣೆಗೆ ತನ್ನದೇ ಆದ ವ್ಯವಸ್ಥೆಯಿದೆ ಎಂಬ ಅರಿವು ಮೂಡುವುದೇ ಇಲ್ಲ. ಅದು ಇನ್ನೊಂದರ ಕೊರತೆಯಾಗಿ ಮಾತ್ರ ಕಾಣುತ್ತದೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳು ತರಗತಿಯಲ್ಲಿ ಬಾಯಿ ತೆರೆಯಲು ಹಿಂಜರಿಯುವುದಕ್ಕೆ ಈ ಕ್ರಮವೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

3. ಕನ್ನಡದ ಕಿವಿ

ಒಂದು ನಿದರ್ಶನವನ್ನು ಪರಿಶೀಲಿಸೋಣ. ಕನ್ನಡಿಗರು ಹೇಳಿದ ‘ಪಿನ್’ ಎಂಬುದು ಇಂಗ್ಲಿಷ್ ಮಾತೃಭಾಷಿಕರಿಗೆ ಕೆಲವೊಮ್ಮೆ ‘ಬಿನ್’ ಎಂದು ಕೇಳಿಸುತ್ತದೆ. ‘ಪದಾದಿಯ ಪಕಾರಕ್ಕೆ ಮಹಾಪ್ರಾಣ ಸೇರಿಸಿ’ ಎಂಬ ತಿದ್ದುಪಡಿಯಿಂದ ವಿದ್ಯಾರ್ಥಿಗಳಿಗೆ ನಿಯಮವೊಂದು ದೊರೆಯುತ್ತದೆ, ಕಾರಣ ದೊರೆಯುವುದಿಲ್ಲ. ಕಾರಣ ಇರುವುದು ಘೋಷಾರಂಭ ಕಾಲದಲ್ಲಿ, ಅಂದರೆ ಸ್ಪರ್ಶಧ್ವನಿಯ ಬಿಡುಗಡೆಯಿಂದ ಧ್ವನಿತಂತುಗಳ ಕಂಪನ ತೊಡಗುವವರೆಗಿನ ಅಂತರದಲ್ಲಿ. ಲೀ ಲಿಸ್ಕರ್ ಮತ್ತು ಆರ್ಥರ್ ಏಬ್ರಮ್ಸನ್ 1964ರಲ್ಲಿ ಹನ್ನೊಂದು ಭಾಷೆಗಳಲ್ಲಿ ಇದನ್ನು ಅಳೆದರು. ಅವರ ಅಳತೆಯಲ್ಲಿ ಅಮೆರಿಕನ್ ಇಂಗ್ಲಿಷಿನ ಪದಾದಿ ಪಕಾರದ ಸರಾಸರಿ 58 ಮಿಲಿಸೆಕೆಂಡ್. ತಮಿಳಿನ ಪಕಾರದ್ದು 12. ಇಂಗ್ಲಿಷಿನ ಬಕಾರವಾದರೋ ಅನೇಕ ಉಚ್ಚಾರಗಳಲ್ಲಿ ಸುಮಾರು 1 ಮಿಲಿಸೆಕೆಂಡ್. ಕನ್ನಡವು ಆ ಹನ್ನೊಂದು ಭಾಷೆಗಳಲ್ಲಿ ಇರಲಿಲ್ಲವಾದರೂ ಕನ್ನಡದ ಅಲ್ಪಪ್ರಾಣ ಪಕಾರವೂ ತಮಿಳಿನದರಂತೆ ಅಲ್ಪ ಅಂತರದ ಗುಂಪಿಗೇ ಸೇರುತ್ತದೆ. ನಮ್ಮ ಪಕಾರವು ಇಂಗ್ಲಿಷ್ ಕೇಳುಗರ ಬಕಾರದ ವಲಯದ ಸಮೀಪಕ್ಕೆ ಬೀಳುವುದರಿಂದ ಗೊಂದಲ ಹುಟ್ಟುತ್ತದೆ. ಇಷ್ಟನ್ನು ತಿಳಿದ ವಿದ್ಯಾರ್ಥಿಗೆ ತನ್ನ ಪಕಾರವು ‘ತಪ್ಪು’ ಅಲ್ಲ, ಎರಡು ಭಾಷೆಗಳು ಒಂದೇ ಕಾಲಮಾಪನವನ್ನು ಬೇರೆ ಬೇರೆ ಕಡೆ ಕತ್ತರಿಸಿವೆ ಎಂಬುದು ಮನವರಿಕೆಯಾಗುತ್ತದೆ.

ಈ ಪಾಠಕ್ಕೆ ಬೇಕಾದ ಸಾಮಗ್ರಿ ಕನ್ನಡಿಗರ ಬಳಿ ಮೊದಲೇ ಇದೆ. ವರ್ಗಾಕ್ಷರಗಳ ಜೋಡಣೆಯೇ ಸ್ಥಾನ, ಘೋಷ, ಪ್ರಾಣ, ಅನುನಾಸಿಕತೆಗಳ ಕೋಷ್ಟಕ. ಪ್ರಾಚೀನ ಭಾರತದ ಧ್ವನಿವಿಚಾರವನ್ನು ಡಬ್ಲ್ಯು. ಎಸ್. ಅಲೆನ್ 1953ರಲ್ಲಿಯೇ ಆಧುನಿಕ ಧ್ವನಿವಿಜ್ಞಾನದ ಪರಿಭಾಷೆಯಲ್ಲಿ ನಿರೂಪಿಸಿದರು. ಹದಿಮೂರನೆಯ ಶತಮಾನದ ಕೇಶಿರಾಜನು ರಳ, ಕುಳ, ಕ್ಷಳಗಳನ್ನು ಬೇರ್ಪಡಿಸಿ ಹೇಳಿದ್ದನ್ನು ಕನ್ನಡ ವಿಭಾಗದಲ್ಲಿ ಓದಿಸುತ್ತೇವೆ. ಇಂಗ್ಲಿಷ್ ವಿಭಾಗದ ಧ್ವನಿವಿಜ್ಞಾನದ ತರಗತಿ ಮಾತ್ರ ಇದಾವುದೂ ಇಲ್ಲವೆಂಬಂತೆ ಆರಂಭವಾಗುತ್ತದೆ. ಆಡುಮಾತಿನಲ್ಲಿ ಅನೇಕ ಕನ್ನಡಿಗರು ಮಹಾಪ್ರಾಣವನ್ನು ಉಳಿಸಿಕೊಳ್ಳುವುದಿಲ್ಲವೆಂಬುದು ನಿಜ. ‘ಫ’ ಅಕ್ಷರವಂತೂ ಬಹುಮಟ್ಟಿಗೆ ದಂತ್ಯೋಷ್ಠ್ಯ ಘರ್ಷಧ್ವನಿಯ ಗುರುತಾಗಿದೆ. ಆದರೂ ಕ–ಖ ಭೇದದಿಂದ ಹೊರಟು ಇಂಗ್ಲಿಷಿನ ಪದಾದಿ ಸ್ಪರ್ಶಗಳನ್ನು ಕೇಳಿಸುವುದು, ಅಪರಿಚಿತ ಚಿಹ್ನೆಯಿಂದ ಹೊರಡುವುದಕ್ಕಿಂತ ಸುಲಭ.

ಲಿಪಿಯು ನೆರವಾಗುವಂತೆ ಮರೆಮಾಚುವುದೂ ಉಂಟು. ಒಳ ಅಂಗಿಯನ್ನೂ ಪಶ್ಚಿಮ ದಿಕ್ಕನ್ನೂ ಹೇಳುವ ಎರಡು ಇಂಗ್ಲಿಷ್ ಪದಗಳನ್ನು ನಾವು ‘ವೆಸ್ಟ್’ ಎಂದೇ ಬರೆಯುತ್ತೇವೆ, ಸಾಮಾನ್ಯವಾಗಿ ಒಂದೇ ರೀತಿ ನುಡಿಯುತ್ತೇವೆ. ನಾಮಪದವಾದ ‘ರೆಕಾರ್ಡ್’ ಮತ್ತು ಕ್ರಿಯಾಪದವಾದ ‘ರೆಕಾರ್ಡ್’ ಇವುಗಳ ನಡುವಣ ಆಘಾತಭೇದಕ್ಕೂ ನಮ್ಮ ಲಿಪಿಯಲ್ಲಿ ಗುರುತಿಲ್ಲ, ಏಕೆಂದರೆ ಕನ್ನಡದಲ್ಲಿ ಆಘಾತವು ಪದಗಳ ಅರ್ಥವನ್ನು ಬೇರ್ಪಡಿಸುವುದಿಲ್ಲ. ಇಂತಹ ಭೇದಗಳನ್ನು ನಿಘಂಟು ನೋಡಿ ಬರೆಯಬಲ್ಲ ವಿದ್ಯಾರ್ಥಿಯು ಕಿವಿಯಿಂದ ಹಿಡಿಯಲಾರದೆ ಹೋಗಬಹುದು. ಪರೀಕ್ಷೆಗೆ ಇದು ಗೊತ್ತಾಗುವುದೇ ಇಲ್ಲ.

4. ಯಾರಿಗೆ ಅರ್ಥವಾಗಬೇಕು?

ಪದಾಘಾತದ ವ್ಯತ್ಯಾಸವು ಭಾರತೀಯ ಇಂಗ್ಲಿಷ್ ಅರ್ಥವಾಗದಿರಲು ಒಂದು ಪ್ರಮುಖ ಕಾರಣವೆಂದು ಬನ್ಸಲ್ ಕಂಡುಕೊಂಡರು. ಜೆನಿಫರ್ ಜೆಂಕಿನ್ಸ್ ತಮ್ಮ 2000ರ ಕೃತಿಯಲ್ಲಿ, ಇಂಗ್ಲಿಷನ್ನು ಸಂಪರ್ಕಭಾಷೆಯಾಗಿ ಬಳಸುವವರ ಪರಸ್ಪರ ಗ್ರಹಿಕೆಗೆ ಅತ್ಯಗತ್ಯವಾದ ಅಂಶಗಳ ಪಟ್ಟಿಯಿಂದ ಪದಾಘಾತವನ್ನು ಕೈಬಿಟ್ಟರು. ಪದಾದಿ ಅಘೋಷ ಸ್ಪರ್ಶಗಳ ಮಹಾಪ್ರಾಣತೆಯನ್ನೂ ಸ್ವರಗಳ ಹ್ರಸ್ವದೀರ್ಘ ಭೇದವನ್ನೂ ಉಳಿಸಿಕೊಂಡರು. ಇವೆರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ತಳ್ಳಿಹಾಕಬೇಕಾಗಿಲ್ಲ. ಕೇಳುಗರು ಬೇರೆಯಾದಾಗ ಉತ್ತರವೂ ಬೇರೆಯಾಗುತ್ತದೆ. ಲಂಡನ್ನಿನ ಕೇಳುಗರಿಗೆ ತೊಡಕಾದದ್ದು ಕೊಚ್ಚಿಯ ಕೇಳುಗರಿಗೆ ತೊಡಕಾಗದಿರಬಹುದು. ‘ಯಾರಿಗೆ’ ಎಂಬ ಪ್ರಶ್ನೆಯನ್ನೇ ಎತ್ತದ ಪಠ್ಯಕ್ರಮವು ಎಲ್ಲ ವಿಚಲನೆಗಳಿಗೂ ಒಂದೇ ತೂಕ ಕೊಡುತ್ತದೆ: ದಂತ್ಯ ಘರ್ಷದ ಬದಲು ದಂತ್ಯ ಸ್ಪರ್ಶವನ್ನು ನುಡಿಯುವ ನಿರಪಾಯಕಾರಿ ಅಭ್ಯಾಸಕ್ಕೂ, ಪದವನ್ನೇ ಗುರುತಿಸಲಾಗದಂತೆ ಮಾಡುವ ವ್ಯತ್ಯಾಸಕ್ಕೂ ಕಳೆಯುವುದು ಅದೇ ಒಂದು ಅಂಕ.

ಮಾದರಿಯೊಂದಿಲ್ಲದೆ ಬೋಧನೆ ಹೇಗೆ ಸಾಧ್ಯವೆಂಬ ಆಕ್ಷೇಪ ಇಲ್ಲಿ ಸಹಜ. ಉದ್ಯೋಗದ ಸಂದರ್ಶನದಲ್ಲಿ ವಿದ್ಯಾರ್ಥಿಗಳ ಉಚ್ಚಾರಣೆಯನ್ನೂ ತೂಗುವವರಿರುವಾಗ ನಮ್ಮ ವಾದ ಅವರಿಗೆ ದುಬಾರಿಯಾಗದೇ ಎಂದೂ ಕೇಳಬಹುದು. ಮಾದರಿ ಬೇಡವೆಂದು ನಾವು ಹೇಳುತ್ತಿಲ್ಲ. ಅಳೆಯಲು ಒಂದು ಆಧಾರಬಿಂದು ಬೇಕೇ ಬೇಕು. ಬ್ರಿಟಿಷ್ ಮಾದರಿ ಚೆನ್ನಾಗಿ ವರ್ಣಿತವಾಗಿರುವುದರಿಂದ ಆ ಕೆಲಸಕ್ಕೆ ಯೋಗ್ಯವೂ ಹೌದು. ಆದರೆ ಆಧಾರಬಿಂದುವೇ ಗುರಿಯಲ್ಲ. ಸಂದರ್ಶನದ ಕೊಠಡಿಯಲ್ಲಿಯೂ ನೆರವಿಗೆ ಬರುವುದು ಎದುರಿನವರ ಮಾತನ್ನು ಆಲಿಸಿ ತನ್ನ ಮಾತನ್ನು ಹೊಂದಿಸಿಕೊಳ್ಳುವ ಶಕ್ತಿಯೇ ಹೊರತು ಕಂಠಪಾಠವಾದ ಚಿಹ್ನೆಗಳಲ್ಲ.

5. ಪ್ರಶ್ನೆಪತ್ರಿಕೆಯಿಂದ ಆರಂಭ

ಪ್ರಯೋಗಶಾಲೆಯ ಕೊರತೆಯನ್ನು ಇನ್ನು ಮುಂದೆ ಕಾರಣವಾಗಿ ಮುಂದಿಡುವುದು ಕಷ್ಟ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರೂಪಿಸಿದ ‘ಪ್ರಾಟ್’ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಮಾತನ್ನು ಮುದ್ರಿಸಿಕೊಳ್ಳಲು ಮೊಬೈಲ್ ಸಾಕು. ಮೊದಲ ಹೆಜ್ಜೆಯಾಗಿ ನಾವು ಸೂಚಿಸುವುದು ಮೂರು ಬದಲಾವಣೆಗಳನ್ನು. ಧ್ವನಿಲೇಖನದ ಪ್ರಶ್ನೆಯನ್ನು ಅಚ್ಚಿನಲ್ಲಿ ಕೊಡದೆ ಮುದ್ರಿತ ಧ್ವನಿಯಾಗಿ ಕೇಳಿಸಬೇಕು. ಆ ಧ್ವನಿಗಳಲ್ಲಿ ಭಾರತೀಯರ ಇಂಗ್ಲಿಷ್ ಕೂಡ ಇರಬೇಕು. ಕೇಳಿದ್ದನ್ನು ಕೇಳಿದಂತೆ ಬರೆದವರಿಗೆ, ಅದು ನಿಘಂಟಿಗಿಂತ ಭಿನ್ನವಾಗಿದ್ದರೂ, ಅಂಕ ದೊರೆಯಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನದೇ ಮಾತಿನ ಒಂದು ತುಣುಕನ್ನು ವಿಶ್ಲೇಷಿಸಿ, ಕನ್ನಡದ ಅಥವಾ ತನ್ನ ಮನೆಮಾತಿನ ವ್ಯವಸ್ಥೆಯ ಬೆಳಕಿನಲ್ಲಿ ವಿವರಿಸಬೇಕು.

ಈ ತರಗತಿಗಳಿಂದ ಹೊರಬರುವವರಲ್ಲಿ ಅನೇಕರು ನಾಳೆ ಕಾಲೇಜು, ಪ್ರೌಢಶಾಲೆಗಳ ಅಧ್ಯಾಪಕರಾಗುತ್ತಾರೆ. ತಮ್ಮ ಉಚ್ಚಾರಣೆಯ ಬಗ್ಗೆ ನಾಚಿಕೆಯನ್ನು ಕಲಿತವರು ಅದನ್ನೇ ಮಕ್ಕಳಿಗೆ ದಾಟಿಸುತ್ತಾರೆ. ಕೇಳಿ ವಿಂಗಡಿಸುವುದನ್ನು ಕಲಿತವರು ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕೆಂಬ ವಿವೇಕವನ್ನು ದಾಟಿಸುತ್ತಾರೆ.