ಮಾತು ಬಾರದ ಮೃಗಗಳು: ಅನಿಮೇಷನ್, ನಿರ್ಬಂಧ ಮತ್ತು ಪರ್ಯಾಯ ಚರಿತ್ರೆ

ಹಾಲಿವುಡ್ ಚಿತ್ರರಂಗವನ್ನು ಕುರಿತ ಬರವಣಿಗೆಯಲ್ಲಿ ‘ಹೀಗಾಗದೆ ಹಾಗಾಗಿದ್ದರೆ’ ಎಂಬ ಊಹೆಯಿಂದ ಹೊರಡುವ ಪರ್ಯಾಯ ಚರಿತ್ರೆಯ ಪ್ರಕಾರವೊಂದಿದೆ. ಸೆನ್ಸಾರಿನ ಕಟ್ಟಳೆ ಜಾರಿಗೆ ಬಾರದೆ ಹೋಗಿದ್ದರೆ ಅಲ್ಲಿನ ಅನಿಮೇಷನ್ ಕಲೆ ಯಾವ ದಾರಿ ಹಿಡಿಯುತ್ತಿತ್ತು ಎಂಬುದು ಅಂಥ ಒಂದು ಪ್ರಶ್ನೆ. ಇದನ್ನು ಬರಿಯ ವಿನೋದವೆಂದು ತಳ್ಳಿಹಾಕುವುದುಂಟು. ಹಳಗನ್ನಡ ಕಾವ್ಯದ ಓದಿನಿಂದ ಬಂದ ನಮಗೆ ಹಾಗೆ ತಳ್ಳಿಹಾಕುವುದು ಕಷ್ಟ. ದ್ರೌಪದಿ ಅರ್ಜುನನೊಬ್ಬನ ಪತ್ನಿಯಾಗಿದ್ದರೆ ಭಾರತದ ಕಥೆ ಹೇಗಿರುತ್ತಿತ್ತು ಎಂಬುದನ್ನು ಪಂಪ ಹತ್ತನೆಯ ಶತಮಾನದಲ್ಲಿಯೇ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬರೆದು ತೋರಿಸಿದ್ದಾನೆ. ಆದರೆ ಒಂದು ಸಂಗತಿಯನ್ನು ಬದಲಿಸಿದೊಡನೆ ಉಳಿದ ಸಂಗತಿಗಳು ಕವಿಯನ್ನು ಪ್ರಶ್ನಿಸತೊಡಗುತ್ತವೆ. ಪತಿಯಲ್ಲದ ಭೀಮ ದ್ರೌಪದಿಯ ಮುಡಿಗಾಗಿ ಪ್ರತಿಜ್ಞೆ ಮಾಡುವುದೇಕೆ? ವಿಮರ್ಶಕರು ಚರ್ಚಿಸಿರುವ ಈ ತೊಡಕಿನಲ್ಲಿಯೇ ಪರ್ಯಾಯ ಚರಿತ್ರೆಯ ಬೆಲೆ ಇದೆ. ಒಂದನ್ನು ಬದಲಿಸಿದವನು ಉಳಿದವಕ್ಕೆ ಉತ್ತರ ಕೊಡಬೇಕು. ಈ ಅಳತೆಗೋಲನ್ನು ಹಿಡಿದು ಕನ್ನಡದ ಡಬ್ಬಿಂಗ್ ನಿರ್ಬಂಧವನ್ನು ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಮನೆಗಳ ನೆಲೆಯಿಂದ ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಹಾಲಿವುಡ್ಡಿನ ನಿರ್ಬಂಧದ ಸ್ವರೂಪವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ೧೯೩೦ರಲ್ಲಿ ರೂಪುಗೊಂಡು ೧೯೩೪ರಿಂದ ಬಿಗಿಯಾಗಿ ಜಾರಿಗೊಂಡ ಹೇಸ್ ಸಂಹಿತೆ ಸರಕಾರದ ಕಾಯಿದೆಯಾಗಿರಲಿಲ್ಲ. ಚಿತ್ರೋದ್ಯಮವೇ ತನಗೆ ವಿಧಿಸಿಕೊಂಡದ್ದು. ಫ್ಲೈಷರ್ ಸ್ಟುಡಿಯೋದ ಕಾರ್ಟೂನ್ ನಾಯಕಿ ಬೆಟ್ಟಿ ಬೂಪಳ ಉಡುಪು ಉದ್ದವಾದದ್ದು, ನಡೆನುಡಿ ಸೌಮ್ಯವಾದದ್ದು ಅದರ ಪರಿಣಾಮ. ಆದರೆ ಆ ಸಂಹಿತೆ ಬರಹದಲ್ಲಿತ್ತು. ಆದುದರಿಂದ ಅದರೊಡನೆ ವಾಗ್ವಾದ ಸಾಧ್ಯವಿತ್ತು. ೧೯೬೮ರಲ್ಲಿ ಅದನ್ನು ಕೈಬಿಟ್ಟು ಚಿತ್ರಗಳ ವರ್ಗೀಕರಣ ಪದ್ಧತಿಯನ್ನು ತರಲೂ ಸಾಧ್ಯವಾಯಿತು.

ಕನ್ನಡದಲ್ಲಿ ಸೆನ್ಸಾರ್ ಎಂದೊಡನೆ ನೆನಪಾಗುವುದು ‘ಸಂಸ್ಕಾರ’. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ, ಕಲ್ಯಾಣಕ್ಕೆ ದೂರವಲ್ಲದ ಮಾಥೇರಾನದಲ್ಲಿ ಹುಟ್ಟಿದ ಗಿರೀಶ ಕಾರ್ನಾಡರು ಚಿತ್ರಕಥೆ ಬರೆದು ನಟಿಸಿದ ಈ ಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ತಡೆ ತೆರವಾಗಿ ೧೯೭೦ರಲ್ಲಿ ತೆರೆಕಂಡ ಅದೇ ಚಿತ್ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಪ್ರಭುತ್ವದ ಕತ್ತರಿ ಎಷ್ಟೇ ಹರಿತವಾಗಿದ್ದರೂ ಅದಕ್ಕೊಂದು ಕಚೇರಿ, ಒಂದು ಆದೇಶ, ಒಂದು ಮೇಲ್ಮನವಿಯ ದಾರಿ ಇರುತ್ತದೆ.

ಡಬ್ಬಿಂಗ್ ನಿರ್ಬಂಧಕ್ಕೆ ಇವು ಯಾವುವೂ ಇರಲಿಲ್ಲ. ೧೯೬೦ರ ದಶಕದ ಕನ್ನಡ ಚಳವಳಿಯಿಂದ ಬಲ ಪಡೆದು, ಮುಂದೆ ಚಿತ್ರೋದ್ಯಮದ ಅಲಿಖಿತ ಕಟ್ಟಳೆಯಾಗಿ ನಿಂತ ಅದನ್ನು ಯಾವ ಶಾಸನವೂ ವಿಧಿಸಿರಲಿಲ್ಲ. ಹಾಗೆಂದು ಅದಕ್ಕೆ ಸಮರ್ಥನೆ ಇರಲಿಲ್ಲವೆಂದು ನಾವು ಹೇಳಲಾರೆವು. ಮದರಾಸಿನ ಸ್ಟುಡಿಯೋಗಳನ್ನು ನೆಚ್ಚಿಕೊಂಡಿದ್ದ ಸಣ್ಣ ಉದ್ಯಮವೊಂದು ಉಳಿದುಕೊಳ್ಳಲು ಕಂಡುಕೊಂಡ ಆಸರೆ ಅದು. ನಿರ್ಬಂಧವನ್ನು ಚರಿತ್ರೆಯಿಂದ ಅಳಿಸಿದೊಡನೆ, ಅದರ ನೆರಳಿನಲ್ಲಿ ಬದುಕು ಕಟ್ಟಿಕೊಂಡ ಕಲಾವಿದರೂ ತಂತ್ರಜ್ಞರೂ ಎದ್ದುನಿಂತು ನಮ್ಮನ್ನು ಪ್ರಶ್ನಿಸುತ್ತಾರೆ. ಅವರಿಗೆ ಉತ್ತರ ಕೊಡದೆ, ನಿರ್ಬಂಧವಿಲ್ಲದಿದ್ದರೆ ಎಲ್ಲವೂ ಸರಿಯಾಗಿರುತ್ತಿತ್ತೆಂದು ಸಾಧಿಸುವ ಪರ್ಯಾಯ ಚರಿತ್ರೆ ನಂಬತಕ್ಕದ್ದಲ್ಲ.

ಆದರೆ ಅನಿಮೇಷನ್ನಿನ ಮಾತು ಬೇರೆ. ರಕ್ಷಣೆಯ ವಾದಕ್ಕೆ ರಕ್ಷಿಸತಕ್ಕ ವಸ್ತುವೊಂದು ಇರಬೇಕು. ಕಥಾಚಿತ್ರಗಳಲ್ಲಿ ಕನ್ನಡಕ್ಕೆ ನಟರಿದ್ದರು, ನಿರ್ಮಾಪಕರಿದ್ದರು. ಅನಿಮೇಷನ್ನಿನಲ್ಲಿ ಅಂಥ ಉದ್ಯಮ ಇರಲಿಲ್ಲ. ನಿರ್ಬಂಧವಿದ್ದ ದಶಕಗಳಲ್ಲಿ ಪೂರ್ಣಾವಧಿ ಅನಿಮೇಷನ್ ಚಿತ್ರಗಳ ಪರಂಪರೆಯೊಂದು ಕನ್ನಡದಲ್ಲಿ ಬೆಳೆಯಲೂ ಇಲ್ಲ. ಇಲ್ಲಿ ಕಟ್ಟಳೆ ಯಾರ ಅನ್ನವನ್ನೂ ಕಾಯಲಿಲ್ಲ. ಮಕ್ಕಳಿಗೆ ಸಿಗಬಹುದಾಗಿದ್ದ ಮಾತನ್ನು ತಡೆಯಿತು. ಹೇಸ್ ಸಂಹಿತೆ ಬೆಟ್ಟಿ ಬೂಪಳ ಉಡುಪನ್ನು ತಿದ್ದಿತು. ನಮ್ಮ ಕಟ್ಟಳೆ ಇಡೀ ಪ್ರಕಾರದ ನಾಲಗೆಯನ್ನೇ ಕಟ್ಟಿತು.

ಇದರ ಪರಿಣಾಮ ಕರ್ನಾಟಕದ ಒಳಗಿಗಿಂತ ಹೊರಗೆ ಹೆಚ್ಚು ತೀವ್ರವೆಂಬುದು ನಮ್ಮ ಗ್ರಹಿಕೆ. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ ಇಂಗ್ಲಿಷಿನಲ್ಲಿ ಬರೆದ ‘ಜಂಗಲ್ ಬುಕ್’ ಜಪಾನಿನಲ್ಲಿ ಕಾರ್ಟೂನ್ ಸರಣಿಯಾಗಿ, ಹಿಂದಿಯ ಧ್ವನಿ ತೊಟ್ಟು, ೧೯೯೩ರಲ್ಲಿ ದೂರದರ್ಶನದ ಮೂಲಕ ಡೊಂಬಿವಲಿಯ ಕನ್ನಡ ಮನೆಗಳನ್ನು ಹೊಕ್ಕಿತು. ಅದು ಹಿಂದಿಯಲ್ಲಿ ಬಂದುದಕ್ಕೆ ರಾಷ್ಟ್ರೀಯ ಪ್ರಸಾರದ ಭಾಷಾನೀತಿ ಕಾರಣವೇ ಹೊರತು ಕನ್ನಡದ ಕಟ್ಟಳೆಯಲ್ಲ. ಅದಕ್ಕೆ ಎದುರಾಗಿ ನಿಲ್ಲಬಹುದಾಗಿದ್ದ ಕನ್ನಡದ ಧ್ವನಿ ಇಲ್ಲದೆ ಹೋದುದರಲ್ಲಿ ಮಾತ್ರ ಕಟ್ಟಳೆಗೆ ಪಾಲಿದೆ. ಬೆಂಗಳೂರಿನ ಮಗುವಿಗೆ ಬೀದಿಯಲ್ಲಿ ಕನ್ನಡ ಸಿಗುತ್ತದೆ. ಕಲ್ಯಾಣದ ಮಗುವಿಗೆ ಬೀದಿಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಶಾಲೆಯಲ್ಲಿ ಬಹುಮಟ್ಟಿಗೆ ಇಂಗ್ಲಿಷ್. ಕನ್ನಡ ಅಡುಗೆಮನೆಯ ಭಾಷೆ. ಆಟದ, ಕಲ್ಪನೆಯ ಭಾಷೆಯಾಗಿ ಕನ್ನಡ ಅದಕ್ಕೆ ದೊರೆಯಬಹುದಾಗಿದ್ದ ದಾರಿಗಳಲ್ಲಿ ಕಾರ್ಟೂನೂ ಒಂದು. ಠಾಣೆ ಜಿಲ್ಲೆಯ ಕನ್ನಡಿಗರಿಗೆಂದೇ ಯಾರೂ ಡಬ್ಬಿಂಗ್ ಮಾಡುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟದ ಧ್ವನಿ ಕಲ್ಯಾಣವನ್ನು ತಲುಪಲಾರದು. ಹೊರನಾಡಿನವರು ಭಾಗವಹಿಸದ ನಿರ್ಧಾರದ ಫಲವನ್ನು ಹೊರನಾಡಿನ ಮಕ್ಕಳು ಉಂಡರು.

ಮಾತನಾಡುವ ಮೃಗ ಕನ್ನಡಕ್ಕೆ ಹೊಸದೆಂಬ ಆಕ್ಷೇಪವೂ ನಿಲ್ಲದು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ವಸುಭಾಗಭಟ್ಟನ ಪರಂಪರೆಯ ‘ಪಂಚತಂತ್ರ’ವನ್ನು ಕನ್ನಡಕ್ಕೆ ತಂದಾಗ ಸಂಸ್ಕೃತದ ನರಿ, ಸಿಂಹಗಳು ಕನ್ನಡದಲ್ಲಿ ಮಾತನಾಡತೊಡಗಿದವು. ಅದರಿಂದ ಕನ್ನಡ ಬಡವಾಗಲಿಲ್ಲ. ಮುಂಬಯಿಯ ಕನ್ನಡಿಗರು ಉಳಿಸಿಕೊಂಡು ಬಂದ ಯಕ್ಷಗಾನದಲ್ಲಿಯೂ ಬಣ್ಣದ ವೇಷದ ರಕ್ಕಸನು ಕನ್ನಡದಲ್ಲಿಯೇ ಅರ್ಥ ಹೇಳುತ್ತಾನೆ. ಅನ್ಯಮೂಲದ ಕಥೆಗೆ ಕನ್ನಡದ ದನಿ ಕೊಡುವುದು ನಮ್ಮ ಸಾಹಿತ್ಯದ ಹಳೆಯ ಕಸುಬು. ಅದೇ ಕೆಲಸ ತೆರೆಯ ಮೇಲೆ ನಡೆದರೆ ಭಾಷೆಗೆ ಅಪಾಯವೆಂದು ಬಗೆದದ್ದು ಹೊಸ ಭಯ.

೨೦೦೯ರಲ್ಲಿ ಆರಂಭವಾದ ಚಿಂಟು ಟಿವಿಯಲ್ಲಿ ಕಾರ್ಟೂನುಗಳು ಕನ್ನಡ ನುಡಿದವು. ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗಿಗೆ ಅಡ್ಡಿಪಡಿಸುವುದು ಸ್ಪರ್ಧೆಗೆ ವಿರುದ್ಧವೆಂದು ತೀರ್ಪಿತ್ತಿತು. ೨೦೨೫ರಲ್ಲಿ ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ ಅನಿಮೇಷನ್ ಚಿತ್ರ ‘ಮಹಾವತಾರ ನರಸಿಂಹ’ ಇತರ ಭಾಷೆಗಳೊಡನೆ ಕನ್ನಡದಲ್ಲಿಯೂ ತೆರೆಕಂಡಿತು. ಪರ್ಯಾಯ ಚರಿತ್ರೆ ಈಗ ತಡವಾಗಿ ವಾಸ್ತವವಾಗುತ್ತಿದೆ ಎನ್ನಬಹುದು. ಆದರೆ ೧೯೯೩ರಲ್ಲಿ ಮಕ್ಕಳಾಗಿದ್ದವರು ಇಂದು ತಂದೆತಾಯಿಯರು. ಕನ್ನಡದಲ್ಲಿ ಕಥೆ ಹೇಳಲು ಅವರಿಗೆ ನಾಲಗೆ ತಡವರಿಸಿದರೆ, ಅದಕ್ಕೆ ಮನೆಯವರ ಉದಾಸೀನವೊಂದೇ ಕಾರಣವೆಂದು ತೀರ್ಮಾನಿಸುವ ಮುನ್ನ ಈ ಅಲಿಖಿತ ಕಟ್ಟಳೆಯನ್ನೂ ಆಕರಗಳ ಪಟ್ಟಿಗೆ ಸೇರಿಸಬೇಕು. ‘ಸಂಸ್ಕಾರ’ದ ತಡೆಯನ್ನು ನಮ್ಮ ಚಿತ್ರಚರಿತ್ರೆಗಳು ಮರೆಯದೆ ದಾಖಲಿಸುತ್ತವೆ. ಬಾರದೆಯೇ ಹೋದ ಧ್ವನಿಗಳು ಕಡತದಲ್ಲಿ ಸಿಗುವುದಿಲ್ಲ. ಅವನ್ನು ಹೊರನಾಡ ಕನ್ನಡಿಗರ ನೆನಪುಗಳಲ್ಲಿ ಕೇಳಿ ಬರೆದುಕೊಳ್ಳಬೇಕಾಗಿದೆ. ಕರ್ನಾಟಕದ ಹೊರಗಿರುವ ಸಂಶೋಧಕರಿಗೆ ಈ ಕೆಲಸ ಹೆಚ್ಚು ಹತ್ತಿರದ್ದು.